ಎಡಗಡೆಗೆ ಹೊಡೆದವನು

ಗುಂಡಿ ತೋಡುತ್ತಿದ್ದವನ ಕೈಯಿಂದ ಹಾರೆ ಕಿತ್ತುಕೊಂಡು ಅಂಜನಮೂರ್ತಿ ಬದುವಿನಾಚೆಗೆ ಎಸೆದ. ಅದು ಹೊಂಗೆ ಮರದ ಬುಡದ ಕಲ್ಲಿಗೆ ಬಡಿದು ಠಣ್ಣೆಂದಿತು.

"ಯಾರನ್ನ ಕೇಳ್ಕೊಂಡು ಅಗೀತಿದೀರಲಾ ಇಲ್ಲಿ?"

ಮೊಣಕಾಲುದ್ದ ಗುಂಡಿಯೊಳಗೆ ನಿಂತಿದ್ದ ಇಬ್ಬರು ಆಳುಗಳು ಮೇಲಿದ್ದ ಶಿವರಾಮಯ್ಯನ ಮುಖ ನೋಡಿದರು. ಬಿದರೆಹಳ್ಳಿ ಕಾವಲಿನ ಆಸುಪಾಸಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಚಟ್ಟ ಕಟ್ಟಿಸುವುದರಿಂದ ಮಣ್ಣು ಮುಚ್ಚಿಸುವ ತನಕ ಅವನದೇ ಉಸ್ತುವಾರಿ. ಹೆಣದ ಮುಂದಿನ ಜಗಳಗಳನ್ನು ಅವನು ಕಂಡಷ್ಟು ಪೊಲೀಸರೂ ಕಂಡಿರಲಿಕ್ಕಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ ನಿಧಾನವಾಗಿ ಹೇಳಿದ.

"ನಿಮ್ಮವ್ವ ಹೇಳ್ಕಳ್ಸಿದ್ದು ಕಣಣ್ಣ. ಹೊಲ ಇನ್ನೂ ಅವ್ರ ಹೆಸ್ರಲ್ಲೇ ಐತಲ್ಲ."

"ಹೆಸ್ರಲ್ಲಿದ್ರೆ? ಉಳೋನು ನಾನು. ಎಲ್ಲಿಂದ್ಲೋ ಬಂದೋರ್ನೆಲ್ಲ ತಂದು ಹೂಳಕ್ಕೆ ಇದೇನು ಮುನ್ಸಿಪಾಲ್ಟಿ ಸ್ಮಶಾನನಾ?"

ಎಲ್ಲಿಂದಲೋ ಬಂದವನೆಂದರೆ ಬೇರೆ ಯಾರೂ ಅಲ್ಲ, ಅಂಜನಮೂರ್ತಿಯ ತಂಗಿಯ ಗಂಡ. ಹೆಸರು ಜೋಸೆಫ್ ಮುಲೆಂಗಾ. ಆಫ್ರಿಕಾದ ಜಾಂಬಿಯಾದಿಂದ ತುಮಕೂರಿಗೆ ಎಂಜಿನಿಯರಿಂಗ್ ಓದಲು ಬಂದು, ಓದು ಬಿಟ್ಟು, ಬೆಂಗಳೂರು ಕಲ್ಕತ್ತಗಳಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿ, ಮಂಡಿ ಮುರಿದುಕೊಂಡು ಮತ್ತೆ ತುಮಕೂರಿಗೇ ಬಂದು ಬಿದ್ದವನು. ಹೊರದೇಶದ ಆಟಗಾರರನ್ನು ತಂದು ಆಡಿಸುವುದು ಈಗ ಮಾಮೂಲಿ. ಅವನ ಕಾಲದಲ್ಲಿ ಅಂಥವರು ಎಲ್ಲೋ ಒಬ್ಬೊಬ್ಬರು. ನಿನ್ನೆ ಮಧ್ಯಾಹ್ನ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಗೆ ಒರಗಿದ್ದ. ಹೆಂಡತಿ ಗಂಗಲಕ್ಷ್ಮಮ್ಮ ಕೆಲವು ವರ್ಷ ಮೊದಲೇ ಹೋಗಿದ್ದಳು. ಇದೇ ಹೊಂಗೆ ಮರದ ಕೆಳಗೆ ಅವಳ ಗುಡ್ಡೆ. ಅವಳ ಪಕ್ಕದಲ್ಲೇ ತನ್ನನ್ನೂ ಮಲಗಿಸಬೇಕೆಂಬುದು ಅವನ ಆಸೆ. ಮಲಗಿಸಿಯೇ ತೀರುತ್ತೇನೆಂಬುದು ಮಗಳು ನೇತ್ರಾವತಿಯ ಹಟ.

ಆ ಹಟ ಆಂಬುಲೆನ್ಸಿನಲ್ಲಿ ಕೂತು ಗುಬ್ಬಿ ದಾಟಿ ಹೊಲದ ಕಾಲುದಾರಿಗೆ ಬಂದು ನಿಂತಿತು. ನೇತ್ರಾವತಿ ಇಳಿದಳು. ಅಪ್ಪನ ಎತ್ತರ, ಅಪ್ಪನ ಗುಂಗುರು ಕೂದಲು, ಅಮ್ಮನ ಮೂಗು. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಮೈದಾನದ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಗಂಟಲು. ಬದುವಿನಾಚೆ ಬಿದ್ದಿದ್ದ ಹಾರೆಯನ್ನು ಅವಳೇ ಹೋಗಿ ಎತ್ತಿಕೊಂಡು ಬಂದು ಆಳಿನ ಕೈಗೆ ಕೊಟ್ಟಳು.

"ಅಗೀರಿ."

"ಏಯ್ ನೇತ್ರ, ತುಮಕೂರಲ್ಲಿ ನಿಮ್ಮೋರ ಸ್ಮಶಾನ ಐತೆ. ಅಲ್ಲಿಗೆ ತಗೊಂಡೋಗು."

"ನಮ್ಮೋರು ಅಂದ್ರೆ ಯಾರು ಮಾವ? ಅಪ್ಪ ಚರ್ಚಿಗೆ ಹೋಗಿದ್ದು ನಾನಂತೂ ನೋಡಿಲ್ಲ. ಅಮ್ಮ ಇಲ್ಲೇ ಅವ್ಳೆ. ಅಪ್ಪನೂ ಇಲ್ಲೇ."

ಚಟ್ಟವನ್ನು ಹೊಂಗೆಯ ನೆರಳಿನಲ್ಲಿ ಇಳಿಸಿದರು. ಉದ್ದ ಸಾಲದೆ ಕಾಲು ಹೊರಗೆ ಚಾಚಿಕೊಂಡಿದ್ದವು. ಊರಿನವರು ಒಬ್ಬೊಬ್ಬರಾಗಿ ಬಂದು ಸೇರಿದರು. ಸತ್ತವನನ್ನು ನೋಡಲು ಬಂದವರಿಗಿಂತ ಅವನ ಬಣ್ಣ ನೋಡಲು ಬಂದವರೇ ಹೆಚ್ಚು ಎಂದರೆ ಸುಳ್ಳಲ್ಲ. ಇವನ ಹೆಂಡತಿಯನ್ನು ಹೂತ ದಿನ ಇದೇ ಜನ ಇವನನ್ನು ಬೇಲಿಯಾಚೆ ನಿಲ್ಲಿಸಿ, ಅಲ್ಲಿಂದಲೇ ಮಣ್ಣು ಹಾಕಿಸಿದ್ದರು. ಇವತ್ತು ಹತ್ತಿರ ಬಂದು ಬಗ್ಗಿ ಬಗ್ಗಿ ನೋಡಿದರು. ಹೆಣಕ್ಕೆ ಯಾರೂ ಹೆದರುವುದಿಲ್ಲವಲ್ಲ.

"ಪೊಲೀಸ್ನೋರ್ಗೆ ತಿಳಿಸ್ಬ್ಯಾಡ್ವಾ? ಫಾರಿನ್ ಹೆಣ," ಎಂದ ಒಬ್ಬ.

"ರೇಷನ್ ಕಾರ್ಡಿತ್ತು, ಓಟು ಹಾಕ್ತಿದ್ರು," ನೇತ್ರಾವತಿ ತಿರುಗಿ ನಿಂತಳು. "ಇನ್ನೇನ್ ಬೇಕು ನಿಮ್ಗೆ? ಹಲ್ಲು ಎಣಿಸ್ತೀರಾ?"

ಆತ ಹಿಂದೆ ಸರಿದ.

ಅಷ್ಟರಲ್ಲಿ ದೊಡ್ಡಗಂಗಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಇಬ್ಬರು ಎತ್ತಿಕೊಂಡು ಬಂದರು. ಅಂಜನಮೂರ್ತಿಯ ತಾಯಿ. ಕಣ್ಣು ಮಂಜಾಗಿತ್ತು, ಕಾಲು ಸೋತಿದ್ದವು. ನಾಲಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಬದುಕಿದ್ದಾಗ ನನ್ ಹೊಸ್ಲು ತುಳಿಸ್ಲಿಲ್ಲ ನೀನು ಅವ್ನ್ನ," ಎಂದಳು ಮಗನಿಗೆ. "ನಾನೂ ಬಾಯಿ ಮುಚ್ಕೊಂಡು ಸುಮ್ಕಿದ್ದೆ. ನನ್ ಮಗಳು ಒಬ್ಳೇ ಮಲಗವ್ಳೆ. ಅವಳ ಗಂಡ ಅವಳ ಪಕ್ಕ ಮಲಗ್ತಾನೆ. ನಂದು ಹೊಲ, ನಂದು ಮಾತು."

ಅಂಜನಮೂರ್ತಿ ಹಲ್ಲು ಕಡಿದ. ಆಮೇಲೆ ಅವನಿಗೊಂದು ದಾರಿ ಹೊಳೆಯಿತು. ಮುಖದಲ್ಲಿ ಸಣ್ಣ ನಗೆ ಬಂತು. ಆ ನಗೆ ಚೆನ್ನಾಗಿರಲಿಲ್ಲ.

"ಆಯ್ತು ಬುಡವ್ವ. ಹೂಳ್ಕೊಳ್ಳಿ. ನಾನು ಗುಂಡಿಗೆ ಇಳಿಯಲ್ಲ."

ಆ ಮನೆತನದ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಅಳಿಯ ಸತ್ತರೆ ಹೆಂಡತಿಯ ಅಣ್ಣನೋ ತಮ್ಮನೋ ಮೊದಲು ಗುಂಡಿಗಿಳಿದು, ಮೇಲಿನಿಂದ ಬಿಡುವ ಹೆಣದ ತಲೆಯನ್ನು ಕೈಯಾರೆ ಹಿಡಿದುಕೊಂಡು ಮಲಗಿಸಬೇಕು. ಹೆಣ್ಣು ಕೊಟ್ಟ ಕೈಯೇ ಮಣ್ಣಿಗೂ ಕೊಡಬೇಕು ಎನ್ನುತ್ತಾರೆ. ಬಾಮೈದ ಇಳಿಯದ ಗುಂಡಿಗೆ ಹೆಣ ಇಳಿಸಲು ಇನ್ನೊಬ್ಬ ಕಾಲಿಡುವುದಿಲ್ಲ. ಇಟ್ಟರೆ ಆ ಸಾವು ಅವನ ಮನೆಗೆ ಅಂಟುತ್ತದೆ ಎಂಬ ಭಯ.

"ಹೆಣ್ಣು ಕೊಟ್ಟ ಕೈ ಅಂತೀರಲ್ಲ, ನಾನು ಕೊಟ್ಟಿದ್ನಾ?" ಅಂಜನಮೂರ್ತಿ ಸುತ್ತ ನೋಡಿದ. "ಅವ್ನೇ ಕರ್ಕೊಂಡೋಗಿ ರಿಜಿಸ್ಟ್ರಾರ್ ಮುಂದೆ ಸೈನ್ ಹಾಕಿಸ್ದ. ಈಗ ನಾನ್ಯಾಕೆ ಕೈ ಒಡ್ಲಿ? ಧೈರ್ಯ ಇದ್ದೋರು ಇಳ್ಕೊಳ್ಳಿ."

ಗುಂಡಿಯಲ್ಲಿದ್ದ ಇಬ್ಬರು ಆಳುಗಳು ಅಗೆಯುವುದು ಮುಗಿದದ್ದೇ ತಡ, ಒಬ್ಬರ ಹಿಂದೊಬ್ಬರು ಮೇಲೆ ಹತ್ತಿಬಿಟ್ಟರು.

*

ಅಂಜನಮೂರ್ತಿ, ಮುಲೆಂಗಾ ಇಬ್ಬರೂ ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅಂಜನಮೂರ್ತಿ ಗೋಲಿ, ಗೋಲು ಕಾಯುವವನು. ಹಳ್ಳಿಯಿಂದ ಬಂದ ಹುಡುಗ, ಬೆಕ್ಕಿನ ಹಾಗೆ ನೆಗೆಯುತ್ತಿದ್ದ. ಮುಲೆಂಗಾ ಹಾಸ್ಟೆಲಿಗೆ ಬಂದ ವಾರವೇ ಮೈದಾನಕ್ಕಿಳಿದು ಚೆಂಡು ಕೇಳಿದ. ಅವತ್ತಿನಿಂದ ಪ್ರತಿ ಸಂಜೆ ಒಬ್ಬ ಹೊಡೆಯುವುದು, ಒಬ್ಬ ಹಿಡಿಯುವುದು. ಚೆಂಡು ಕಾಣದಷ್ಟು ಕತ್ತಲಾದ ಮೇಲೆ ಬೈದಾಡಿಕೊಂಡು ಹಿಂತಿರುಗುವುದು. ಮುಲೆಂಗಾ ಕಲಿತ ಮೊದಲ ಕನ್ನಡ ಅಂಜನಮೂರ್ತಿಯ ಬೈಗುಳ. ರಜೆಗೆ ಊರಿಗೆ ಕರೆದುಕೊಂಡು ಬಂದಾಗ ದೊಡ್ಡಗಂಗಮ್ಮ ಅಂಜುತ್ತಲೇ ಮುದ್ದೆ ಬಡಿಸಿದಳು. ಅವನು ಉಗುರಿಗೂ ಅಂಟದಂತೆ ಮುರಿದು ನುಂಗಿ, "ನಮ್ಮೂರಲ್ಲೂ ಇದೇ ಅಮ್ಮ, ಮುಸುಕಿನ ಜೋಳದ್ದು," ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗಲಕ್ಷ್ಮಿ ನಕ್ಕಳು.

ಅಂಜನಮೂರ್ತಿಗೆ ಒಂದು ಊನವಿತ್ತು. ಚಿಕ್ಕವನಿದ್ದಾಗ ಹುಣಸೆ ಮರದಿಂದ ಬಿದ್ದು ಎಡಗೈ ಮುರಿದಿತ್ತು. ಊರಿನವರೊಬ್ಬರು ಬಿದಿರು ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಮೊಣಕೈ ಪೂರ್ತಿ ಚಾಚುತ್ತಿರಲಿಲ್ಲ. ಅದನ್ನು ಮರೆಸಲು ಅವನು ಗೋಲಿನ ನಡುವಿಗಿಂತ ಕೊಂಚ ಎಡಕ್ಕೆ ನಿಲ್ಲುತ್ತಿದ್ದ. ತಂಡಕ್ಕೆ ಗೊತ್ತಿಲ್ಲ, ಪಿ.ಟಿ. ಮೇಷ್ಟ್ರಿಗೆ ಗೊತ್ತಿಲ್ಲ. ದಿನಾ ಎದುರು ನಿಂತು ಹೊಡೆಯುತ್ತಿದ್ದವನಿಗೆ ಎಷ್ಟು ದಿನ ಮುಚ್ಚಿಡಲಾಗುತ್ತದೆ? ಒಂದು ಸಂಜೆ ಮುಲೆಂಗಾ ಬಂದು ಆ ಮೊಣಕೈ ಮುಟ್ಟಿ ನೋಡಿದ. "ಯಾರ್ಗೂ ಹೇಳ್ಬೇಡ," ಎಂದ ಅಂಜನಮೂರ್ತಿ. ಅವನು ಹೇಳಲಿಲ್ಲ. ಕೊನೆಯವರೆಗೂ ಹೊರಗಿನ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

ಕಾಲಿನಿಂದ ಹೇಳಿದ.

ಬೆಂಗಳೂರಿನ ಒಂದು ಕ್ಲಬ್ಬಿನವರು ಇಬ್ಬರನ್ನೂ ಪರೀಕ್ಷೆಗೆ ಕರೆದರು. ಸಂಬಳ, ಊಟ, ಇರಲು ಕೋಣೆ. ಜಾಗ ಇದ್ದದ್ದು ಒಂದೇ. ಕೋಚ್ ವಿಚಿತ್ರ ಆಸಾಮಿ. ಗೋಲಿನ ಮುಂದೆ ಒಬ್ಬನನ್ನೂ ಚೆಂಡಿನ ಹಿಂದೆ ಇನ್ನೊಬ್ಬನನ್ನೂ ನಿಲ್ಲಿಸಿ, "ಐದು ಹೊಡೆತ. ಗೆದ್ದವನು ಇಲ್ಲಿರ್ತಾನೆ, ಸೋತವನು ಸಂಜೆ ಬಸ್ ಹತ್ತುತಾನೆ," ಎಂದುಬಿಟ್ಟ. ಮುಲೆಂಗಾ ಗೆಳೆಯನ ಮುಖ ನೋಡಲಿಲ್ಲ. ಮೊದಲನೆಯದನ್ನು ಅಂಜನಮೂರ್ತಿಯ ಎಡಕ್ಕೆ ಹೊಡೆದ, ಎರಡನೆಯದನ್ನೂ ಎಡಕ್ಕೆ. ಉಳಿದವೂ ಅಲ್ಲಿಗೇ. ಸೊಟ್ಟ ಕೈ ಪ್ರತಿ ಸಲವೂ ಒಂದು ಗೇಣು ಸಾಲದೆ ಹೋಯಿತು.

ಅಂಜನಮೂರ್ತಿ ಸಂಜೆ ಬಸ್ ಹತ್ತಿದ. ಅವನಿಗಿಂತ ಮೊದಲೇ ಸುದ್ದಿ ತುಮಕೂರು ಮುಟ್ಟಿತ್ತು. ಹಾಸ್ಟೆಲಿನಲ್ಲಿ ಯಾರೋ 'ಜರಡಿ' ಎಂದರು. ಅಷ್ಟೇ, ಜೀವಮಾನಕ್ಕಾಯಿತು. ಮುಂದೆ ಅವನು ಊರಿನ ಹಾಲಿನ ಡೇರಿಗೆ ಕಾರ್ಯದರ್ಶಿಯಾದಾಗಲೂ ಜನ ಅವನನ್ನು ಕರೆದದ್ದು ಜರಡಿ ಮೂರ್ತಿ ಎಂದೇ. ನನ್ನ ಕೈ ಸೊಟ್ಟಗಿತ್ತು, ಅದು ಅವನಿಗೆ ಗೊತ್ತಿತ್ತು ಎಂದು ಅವನು ಹೇಳಿ ನೋಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ನಕ್ಕರು. ಆಮೇಲೆ ಹೇಳುವುದನ್ನೇ ಬಿಟ್ಟ. ಮೈದಾನದ ಕಡೆ ತಲೆ ಹಾಕಲಿಲ್ಲ.

*

ಗೆದ್ದವನ ಬಾಳೂ ಹೇಳಿಕೊಳ್ಳುವಂಥದ್ದಲ್ಲ.

ಮುಲೆಂಗಾ ಬೆಂಗಳೂರಿನಲ್ಲಿ ಆಡಿದ, ಅಲ್ಲಿಂದ ಕಲ್ಕತ್ತಕ್ಕೆ ಹೋದ. ಗೋಲು ಹಾಕಿದ ದಿನ ಹೆಗಲ ಮೇಲೆ ಹೊತ್ತು ಕುಣಿದವರೇ ಹಾಕದ ದಿನ ಬಾಳೆಹಣ್ಣಿನ ಸಿಪ್ಪೆ ಎಸೆದು ಮಂಗನ ಹಾಗೆ ಕೂಗಿದರು. ಪತ್ರಿಕೆಯವರು ಕುದುರೆಗೆ ಹೋಲಿಸಿ ಬರೆದರು. ಕುದುರೆಯನ್ನು ನೋಡಿಕೊಳ್ಳುವ ಹಾಗೆಯೇ ನೋಡಿಕೊಂಡರು ಕೂಡ: ಮೂರನೇ ವರ್ಷ ಮಂಡಿ ಮುರಿದಾಗ ಕ್ಲಬ್ಬಿನವರು ಅವನ ಬ್ಯಾಗನ್ನು ಆಸ್ಪತ್ರೆಯ ಕೌಂಟರಿನಲ್ಲಿಟ್ಟು ಹೋದರು, ಮತ್ತೆ ಬರಲಿಲ್ಲ.

ಕುಂಟುತ್ತ ಅವನು ತನಗೆ ಗೊತ್ತಿದ್ದ ಒಂದೇ ಊರಿಗೆ ಬಂದ. ಗಂಗಲಕ್ಷ್ಮಿ ಆಗ ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಆ ಮಂಡಿಗೆ ಶಾಖ ಕೊಡುತ್ತ ಕೊಡುತ್ತ ಮನಸ್ಸೂ ಕೊಟ್ಟಳು. ಅಣ್ಣನಿಗೆ ಹೇಳಿದಾಗ ಅವನು, "ನನ್ ಹೆಸ್ರು ತಿಂದ, ಸಾಲ್ದು ಅಂತ ಮನೆ ಹೆಣ್ಣಿಗೂ ಕೈ ಹಾಕ್ದ," ಎಂದು ಬಾಗಿಲು ಹಾಕಿಕೊಂಡ. ಅದು ಮತ್ತೆ ತೆರೆಯಲಿಲ್ಲ.

ತುಮಕೂರಿನಂಚಿನ ಸತ್ಯಮಂಗಲದ ರಬ್ಬರ್ ಕಾರ್ಖಾನೆಯೊಂದರಲ್ಲಿ ಮುಲೆಂಗಾ ಅಚ್ಚು ಒತ್ತುವ ಕೆಲಸಕ್ಕೆ ಸೇರಿದ. ರಿಟೈರ್ ಆಗುವ ತನಕ ಪೈಪಿನ ವಾಷರ್ ಒತ್ತಿದ. ಜತೆಯವರಿಗೆ ಅವನು ಜೋಸೆಪ್ಪಣ್ಣ. ಅವನಿಗಾಗಿ ಒಂದು ಕಾಲದಲ್ಲಿ ಸಾವಿರಾರು ಜನ ಎದ್ದು ನಿಂತಿದ್ದರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಹೇಳಲೂ ಇಲ್ಲ. ಹೇಳಿದರೆ ಮೊದಲ ಗೋಲಿನಿಂದ ಶುರು ಮಾಡಬೇಕಿತ್ತಲ್ಲ.

*

ಬಿಸಿಲೇರಿತು. ಗುಂಡಿ ಬಾಯ್ದೆರೆದುಕೊಂಡೇ ಇತ್ತು. ಶಿವರಾಮಯ್ಯ ಎರಡು ಸಲ ಅಂಜನಮೂರ್ತಿಯ ಬಳಿ ಹೋಗಿ ಬಂದ. ಅವನು ಬೆನ್ನು ತಿರುಗಿಸಿ ಬೀಡಿ ಹಚ್ಚಿದ. ಮೇಲೆ ಹತ್ತಿರದ ಹೆಲಿಕಾಪ್ಟರ್ ಫ್ಯಾಕ್ಟರಿಯದೊಂದು ಹೆಲಿಕಾಪ್ಟರ್ ಸುತ್ತು ಹೊಡೆಯುತ್ತಿತ್ತು. ಅದು ದೂರ ಹೋಗುವ ತನಕ ಎಲ್ಲರೂ ಮಾತು ನಿಲ್ಲಿಸಿ ಕಾದರು.

"ನಾನೇ ಇಳೀತೀನಿ," ಎಂದಳು ನೇತ್ರಾವತಿ.

"ಹೆಣ್ಮಕ್ಳು ಇಳಿಯಂಗಿಲ್ಲ ಕಣವ್ವ," ಎಂದ ಶಿವರಾಮಯ್ಯ.

"ಹಂಗಾದ್ರೆ ಸಾಯಂಕಾಲದ ತನಕ ಇಲ್ಲೇ ಇರ್ಲಿ. ನಾಳೆನೂ ಇರ್ಲಿ. ನಾಯಿ ನರಿ ಕಾಯ್ಕೊಂಡು ನಾನು ಕೂತ್ಕೊತೀನಿ. ನಿಮ್ಮ ರೂಢಿ ನಿಮಗಿರ್ಲಿ."

ಆ ಹೊತ್ತಿಗೆ ತುಮಕೂರಿನಿಂದ ಒಂದು ಬಿಳಿ ಕಾರು ಬಂತು. ಇಳಿದವನು ಯೋಗನರಸಿಂಹ, ಕಾಲೇಜು ತಂಡದಲ್ಲಿ ಇವರ ಜೊತೆ ಆಡಿದವನು, ಈಗ ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ದೊಡ್ಡ ಹೂವಿನ ಚಕ್ರ ತಂದಿದ್ದ. ಅದನ್ನು ಇಟ್ಟು, ಫೋಟೋ ತೆಗೆಸಿಕೊಂಡು, ಯಾರೂ ಕೇಳದಿದ್ದರೂ ಭಾಷಣ ಶುರು ಮಾಡಿದ. ಬದುಕಿದ್ದಾಗ ಶೆಟ್ಟಿಹಳ್ಳಿಯ ಮನೆಗೆ ಒಮ್ಮೆಯೂ ಬಾರದ ಮನುಷ್ಯ.

"ನಮ್ಮ ತುಮಕೂರಿನಿಂದ ಹೋಗಿ ಕಲ್ಕತ್ತದಲ್ಲಿ ಹೆಸರು ಮಾಡಿದ ಮಹಾನ್ ಆಟಗಾರ ಇವರು. ನಿಮ್ಗ್ಯಾರ್ಗೂ ಗೊತ್ತಿಲ್ಲ ಬಿಡಿ. ಬೆಂಗಳೂರಲ್ಲಿ ಮೊದಲ್ನೇ ದಿನ ಐದಕ್ಕೆ ಐದೂ ಗೋಲು! ಎದುರಿಗೆ ಇದ್ದಿದ್ದು ಯಾರು ಅಂದ್ಕೊಂಡ್ರಿ?" ನಗುತ್ತ ಸುತ್ತ ಹುಡುಕಿ, ಮರಕ್ಕೊರಗಿದ್ದವನತ್ತ ಕೈ ಮಾಡಿದ. "ನಮ್ಮ ಜರಡಿ! ಒಂದು ಚೆಂಡನ್ನೂ ಮುಟ್ಲಿಲ್ಲ ಕಣ್ರಯ್ಯ. ಏನ್ ಜರಡಿ, ಜ್ಞಾಪಕ ಇದ್ಯಾ?"

ಕೆಲವರು ನಕ್ಕರು, ಸಾವಿನ ಮನೆಯೆಂಬುದನ್ನೂ ಮರೆತು.

ಅಂಜನಮೂರ್ತಿ ಬೀಡಿ ಎಸೆದು ನಡೆದು ಬಂದ. ಯೋಗನರಸಿಂಹನ ಬಳಿಗಲ್ಲ, ನೇತ್ರಾವತಿಯ ಬಳಿಗೆ.

"ಕೇಳಿಸ್ಕೊಂಡ್ಯಾ? ಇದು ನಿಮ್ಮಪ್ಪ ನನಗ್ ಕೊಟ್ಟಿದ್ದು. ಈ ಹೆಸ್ರು. ಹೆಣದ ಮುಂದೆನೂ ಬಿಡ್ಲಿಲ್ಲ. ನಾನು ಇಳೀಬೇಕಾ? ಹೇಳು, ನಾನ್ಯಾಕ್ ಇಳೀಬೇಕು?"

"ಇಳೀಬೇಡಿ," ಎಂದಳು ಅವಳು.

ಅವನು ತಬ್ಬಿಬ್ಬಾದ.

"ನಿಮ್ಮ ಜಾಗ್ದಲ್ಲಿ ನಾನಿದ್ರೂ ಇಳೀತಿರ್ಲಿಲ್ಲ. ಅಪ್ಪ ಬೇಕಂತ್ಲೇ ಮಾಡಿದ್ದು ಅದು. ನಂಗೆ ಹೇಳವ್ರೆ."

"ಏನಂತ?"

ನೇತ್ರಾವತಿ ಯೋಗನರಸಿಂಹನ ಕಡೆ ತಿರುಗಿದಳು. ಮೈದಾನದ ಗಂಟಲು ಹೊಲದ ತುಂಬ ಕೇಳಿಸಿತು.

"ಸರ್, ನೀವೂ ಕೇಳ್ಕೊಳ್ಳಿ. ನಮ್ಮ ಮಾವನ ಎಡಗೈ ಚಿಕ್ಕೋರಿದ್ದಾಗ್ಲೇ ಮುರಿದು ಸೊಟ್ಟ ಆಗಿತ್ತು, ಚಾಚಕ್ಕೆ ಆಗ್ತಿರ್ಲಿಲ್ಲ. ಟೀಮಲ್ಲಿ ಅದು ಗೊತ್ತಿದ್ದಿದ್ದು ಅಪ್ಪಂಗೆ ಒಬ್ರಿಗೇ. ಅದ್ಕೇ ಐದೂ ಎಡಕ್ಕೇ ಹೊಡೆದ್ರು. ಬಲಕ್ಕೆ ಹೊಡೆದಿದ್ರೆ ಒಂದೂ ಹೋಗ್ತಿರ್ಲಿಲ್ಲ, ಅಂಜನನಂಥ ಗೋಲೀನ ನಾನು ಕಲ್ಕತ್ತದಲ್ಲೂ ನೋಡ್ಲಿಲ್ಲ ಅಂತ ಅಪ್ಪನೇ ಅಂದವ್ರೆ."

ಯಾರೂ ನಗಲಿಲ್ಲ. ಯೋಗನರಸಿಂಹ ಕನ್ನಡಕ ತೆಗೆದು ಒರೆಸತೊಡಗಿದ. ದೊಡ್ಡಗಂಗಮ್ಮ ಕುರ್ಚಿಯಲ್ಲಿ ಮುಂದೆ ಬಾಗಿ, "ದಬ್ಬೆ ಕಟ್ಸಿದ್ದು ನಾನೇ ಕಣೋ, ನಂಗೊತ್ತಿಲ್ವಾ," ಎಂದು ತನ್ನಷ್ಟಕ್ಕೆ ಗೊಣಗಿದಳು.

ಅಂಜನಮೂರ್ತಿಯ ದನಿ ಇಳಿದಿತ್ತು. "ತಪ್ಪಾಯ್ತು ಅಂದ್ನಾ?"

ಹೌದು ಎಂದಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಪ್ಪನ ಮೇಲೂ ಅವಳಿಗೆ ಸಿಟ್ಟಿತ್ತು.

"ಇಲ್ಲ. ಇನ್ನೊಂದ್ಸಲ ನಿಲ್ಸಿದ್ರೂ ಅಲ್ಲಿಗೇ ಹೊಡೀತೀನಿ ಅಂದ್ರು. ಅವನಿಗೆ ವಾಪಸ್ ಹೋಗಕ್ಕೆ ಮನೆ ಇತ್ತು, ನಂಗೆ ಆ ಬಸ್ ಎಲ್ಲಿಗೂ ಹೋಗ್ತಿರ್ಲಿಲ್ಲ ಅಂದ್ರು."

ಅಂಜನಮೂರ್ತಿ ಚಟ್ಟದ ಕಡೆ ನೋಡಿದ. ಹೊರಗೆ ಚಾಚಿಕೊಂಡಿದ್ದ, ಐದೂ ಹೊಡೆದಿದ್ದ ಆ ಬಲಗಾಲಿನ ಕಡೆ.

"ಬೋಳಿಮಗ," ಎಂದ. "ಸುಳ್ಳು ಮಾತ್ರ ಹೇಳ್ತಿರ್ಲಿಲ್ಲ."

ಪಂಚೆ ಎತ್ತಿ ಕಟ್ಟಿದ. ಚಪ್ಪಲಿ ಬಿಟ್ಟ. ಯಾರೋ ಕೈ ಹಿಡಿಯಲು ಬಂದರೆ ಕೊಡವಿ, ಗುಂಡಿಯ ಅಂಚಿಗೆ ಕೂತು ಒಳಗೆ ಧುಮುಕಿದ. ಅವನು ಇಳಿದನೆಂದ ಮೇಲೆ ಕಾಲು ಹಿಡಿಯಲು ಆಳುಗಳಲ್ಲೊಬ್ಬ ತಾನೂ ಇಳಿದ. ಮೇಲಿನವರು ಹೆಣದ ಕೆಳಗೆ ಪಂಚೆಗಳನ್ನು ತೂರಿಸಿ ಎತ್ತಿದರು. ಭಾರಕ್ಕೆ ಒಬ್ಬನ ಹಿಡಿ ಜಾರಿ ದೇಹ ವಾಲಿತು.

"ತಲೆ ಬಲಗಡೆಗೆ ಬಿಡ್ಲಾ ಅಣ್ಣ? ಆ ಕೈ ತಾಳ್ತದಾ?" ಶಿವರಾಮಯ್ಯ ಮೇಲಿನಿಂದ ಕೂಗಿದ.

"ಮುಚ್ಚೋ ಬಾಯಿ. ಎಡಕ್ಕೆ ಬಿಡು."

ಅವನು ಮಂಡಿ ಬಗ್ಗಿಸಿ, ಬೆನ್ನು ಬಾಗಿಸಿ, ಎರಡು ಅಂಗೈಗಳನ್ನೂ ಮೇಲೆತ್ತಿ ನಿಂತ. ನಡುವಿನಲ್ಲಲ್ಲ, ಕೊಂಚ ಎಡಕ್ಕೆ. ದೇಹ ಇಳಿಯಿತು. ನೆರೆತ ಗುಂಗುರು ತಲೆ ಬಂದು ಆ ಚಾಚದ ಮೊಣಕೈಯ ಮಡಿಕೆಯೊಳಗೆ ಸರಿಯಾಗಿ ಕೂತುಕೊಂಡಿತು. ಆಳು ಕಾಲು ಮಲಗಿಸಿ ಮೇಲೆ ಹತ್ತಿದ. ಶಿವರಾಮಯ್ಯ ಹಿಡಿ ಮಣ್ಣು ಎತ್ತಿಕೊಂಡು ಕಾದ. ಅಂಜನಮೂರ್ತಿ ಕೈ ಬಿಡಿಸಿಕೊಳ್ಳದೆ, ತಲೆಯನ್ನು ಎದೆಗೆ ಅವಚಿಕೊಂಡು, ಗುಂಡಿಯೊಳಗೆ ಹಾಗೇ ಕೂತಿದ್ದ.